ಮೊಳಕೆಯ ಸಿರಿ

ಜುಲೈ ತಿಂಗಳು, ವಿಂಬಲ್ಡನ್ನಿನ ಎರಡನೆಯ ವಾರ. ಸೆಂಟರ್ ಕೋರ್ಟಿನಲ್ಲಿ ದೊಡ್ಡವರ ಪಂದ್ಯಗಳು ಕೊನೆಯ ಹಂತಕ್ಕೆ ಬಂದಿರುವಾಗ ಅದೇ ಆವರಣದ ಸಣ್ಣ ಕೋರ್ಟುಗಳಲ್ಲಿ ಇನ್ನೊಂದು ಟೂರ್ನಿ ಹೆಚ್ಚು ಸದ್ದಿಲ್ಲದೆ ನಡೆದಿರುತ್ತದೆ. ಹದಿಮೂರರಿಂದ ಹದಿನೆಂಟರ ನಡುವಿನ 64 ಹುಡುಗಿಯರು. ಅದೇ ಹುಲ್ಲು, ಅದೇ ಬಿಳಿ ಬಟ್ಟೆಯ ಕಟ್ಟಳೆ, ಅಷ್ಟೇ ಎತ್ತರದ ನೆಟ್. ಬಹುಮಾನದ ಹಣ ಮಾತ್ರ ಇಲ್ಲ. ನೋಡುವವರೂ ಅಷ್ಟಕ್ಕಷ್ಟೆ: ಅಪ್ಪ ಅಮ್ಮ, ಕೋಚು, ಹೊಸ ಹೆಸರು ಹುಡುಕುತ್ತ ಬಂದ ಏಜೆಂಟರು, ದೊಡ್ಡ ಕೋರ್ಟಿನ ಟಿಕೆಟ್ ಸಿಗದೆ ಇತ್ತ ಬಂದು ಕೂತ ಒಂದಷ್ಟು ಜನ. ನಾನು ಇದನ್ನು ಮೊದಲು ಟಿ.ವಿ.ಯಲ್ಲಿ, ಈಚೆಗೆ ಫೋನಿನಲ್ಲಿ ನೋಡುವವನು. ಯಾವ ವರ್ಷ ನೋಡಿದರೂ ಕಾಮೆಂಟರಿಯಲ್ಲಿ ಒಂದು ಧಾಟಿಯ ಮಾತು ತಪ್ಪದೆ ಬರುತ್ತದೆ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬಹಳ ಸಲ ಕೇಳಲಿದ್ದೀರಿ. ಹುಡುಗಿ ಆಗತಾನೆ ಒಂದು ಚಂದದ ಹೊಡೆತ ಹೊಡೆದಿರುತ್ತಾಳೆ. ಮಾತು ಮಾತ್ರ ಆ ಹೊಡೆತವನ್ನು ಬಿಟ್ಟು ಹತ್ತು ವರ್ಷ ಆಚೆಗೆ ಹಾರಿರುತ್ತದೆ.

ಬಹಳ ದಿನ ಇದು ನನಗೆ ಮೆಚ್ಚುಗೆಯ ಮಾತಾಗಿಯೇ ಕೇಳಿಸುತ್ತಿತ್ತು. ಈಗೀಗ ಅದರಲ್ಲಿ ಏನೋ ಮುಳ್ಳಿದೆ ಅನ್ನಿಸುತ್ತಿದೆ.

ಮಕ್ಕಳ ಬಗ್ಗೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಎರಡು ಗಾದೆಗಳಿವೆ. ಎರಡೂ ಗಿಡದ ಗಾದೆಗಳೇ. ಬೆಳೆವ ಸಿರಿ ಮೊಳಕೆಯಲ್ಲಿ ಎನ್ನುವುದು ಒಂದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವುದು ಇನ್ನೊಂದು. ಮೊದಲನೆಯದು ಭವಿಷ್ಯ ಹೇಳುತ್ತದೆ, ಎರಡನೆಯದು ಬೆತ್ತ ಹಿಡಿಯುತ್ತದೆ. ಒಂದರ ಪ್ರಕಾರ ಮಗುವಿನಲ್ಲಿ ಎಲ್ಲವೂ ಆಗಲೇ ಇದೆ, ಇನ್ನೊಂದರ ಪ್ರಕಾರ ಏನೂ ಇಲ್ಲ, ನಾವೇ ಬಗ್ಗಿಸಬೇಕು. ಒಂದಕ್ಕೊಂದು ತದ್ವಿರುದ್ಧವಾದ ಈ ಗಾದೆಗಳನ್ನು ಒಬ್ಬರೇ ಒಂದೇ ದಿನ ಹೇಳುವುದನ್ನು ಕೇಳಿದ್ದೇನೆ, ನಾನೂ ಹೇಳಿದ್ದೇನೆ. ಹಾಗೆ ಹೇಳಲು ಸಾಧ್ಯವಾಗುವುದು ಎರಡಕ್ಕೂ ಸಮಾನವಾದ ಒಂದು ನಂಬಿಕೆ ಇರುವುದರಿಂದ: ಮೊಳಕೆ ಇರುವುದು ಮರಕ್ಕಾಗಿ. ಮೊಳಕೆಗೆ ಮೊಳಕೆಯಾಗಿಯೇ ಏನಾದರೂ ಸಿರಿಯಿದೆಯೇ ಎಂದು ಎರಡೂ ಕೇಳುವುದಿಲ್ಲ.

ಮೊದಲ ಗಾದೆಯನ್ನು ಪರೀಕ್ಷಿಸಲು ವಿಂಬಲ್ಡನ್ನಿನ ಹುಡುಗಿಯರ ಪಟ್ಟಿಗಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. 1947ರಲ್ಲಿ ಬೆಲ್ಜಿಯಂನ ಜೆನೆವೀವ್ ಡೊಮ್ಕೆನ್ ಗೆದ್ದಲ್ಲಿಂದ 2025ರವರೆಗೆ 70ಕ್ಕೂ ಹೆಚ್ಚು ಹುಡುಗಿಯರು ಈ ಪ್ರಶಸ್ತಿ ಹಿಡಿದಿದ್ದಾರೆ. ಅವರಲ್ಲಿ ಮುಂದೆ ಅದೇ ವಿಂಬಲ್ಡನ್ನಿನಲ್ಲಿ ಹೆಂಗಸರ ಸಿಂಗಲ್ಸ್ ಗೆದ್ದವರು ಆರೇ ಜನ: ಮದುವೆಯಾದ ಮೇಲೆ ಆನ್ ಜೋನ್ಸ್ ಎಂದು ಹೆಸರಾದ ಆನ್ ಹೇಡನ್, ಕ್ಯಾರೆನ್ ಹ್ಯಾಂಟ್ಜ್, ಮಾರ್ಟಿನಾ ಹಿಂಗಿಸ್, ಅಮೆಲಿ ಮೌರೆಸ್ಮೊ, ಆಶ್ಲೀ ಬಾರ್ಟಿ, ಇಗಾ ಶ್ವಿಯಾಂಟೆಕ್. ಉಳಿದವರಲ್ಲಿ ಟ್ರೇಸಿ ಆಸ್ಟಿನ್, ಕರೋಲಿನ್ ವೋಜ್ನಿಯಾಕಿ, ಯೆಲೆನಾ ಓಸ್ತಪೆಂಕೊ ಬೇರೆ ಕಡೆ ದೊಡ್ಡ ಪ್ರಶಸ್ತಿ ಗೆದ್ದರು. ಇನ್ನು ಕೆಲವರು ಡಬಲ್ಸ್‌ನಲ್ಲಿ ಹೆಸರು ಮಾಡಿದರು. ಹೆಚ್ಚಿನವರ ಹೆಸರು ಆ ಪಟ್ಟಿಯನ್ನು ಬಿಟ್ಟು ಬೇರೆಲ್ಲಿಯೂ ನಮ್ಮ ಕಿವಿಗೆ ಬಿದ್ದಿಲ್ಲ. ಅತ್ತ ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಇಬ್ಬರೂ ಈ ಜೂನಿಯರ್ ಗ್ರ್ಯಾಂಡ್‌ಸ್ಲಾಮುಗಳ ಹತ್ತಿರವೇ ಸುಳಿಯಲಿಲ್ಲ. ತಂದೆ ರಿಚರ್ಡ್ ವಿಲಿಯಮ್ಸ್ ಅವರನ್ನು ಎಳವೆಯಲ್ಲೇ ಜೂನಿಯರ್ ಪಂದ್ಯಗಳಿಂದ ಬಿಡಿಸಿದ್ದರು. ನವೊಮಿ ಒಸಾಕಾ ಕೂಡ ಆ ದಾರಿಯಲ್ಲಿ ಬಂದವರಲ್ಲ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಜಗತ್ತಿನ ಒಂದನೆಯ ಸ್ಥಾನಕ್ಕೆ ಏರಿದಾಗ 43 ವರ್ಷ. ಆ ಮರದ ಸಿರಿಯನ್ನು ಯಾವ ಮೊಳಕೆಯಲ್ಲಿ ನೋಡಬೇಕಿತ್ತು?

ಆದರೆ ಲೆಕ್ಕವನ್ನು ನನಗೆ ಬೇಕಾದ ಕಡೆಗೆ ಮಾತ್ರ ತಿರುಗಿಸುವುದು ಸರಿಯಲ್ಲ. ಹುಡುಗಿಯರಲ್ಲಿ ಪ್ರತಿ ವರ್ಷ ಹೆಚ್ಚುಕಡಿಮೆ ಹೊಸಬರೇ ಗೆಲ್ಲುತ್ತಾರೆ, ಏಕೆಂದರೆ ವಯಸ್ಸು ಮೀರಿದ ಕೂಡಲೇ ಹಳಬರು ಹೊರಗೆ. ಹೆಂಗಸರಲ್ಲಿ ಹಾಗಲ್ಲ. ನವ್ರಾಟಿಲೋವಾ ಒಬ್ಬರೇ 9 ಸಲ, ಸ್ಟೆಫಿ ಗ್ರಾಫ್ 7 ಸಲ, ಸೆರೆನಾ 7 ಸಲ ಗೆದ್ದು ಕೂತಿದ್ದಾರೆ. ಕುರ್ಚಿಗಳೇ ಕಡಿಮೆ ಇರುವಾಗ ಆರು ಜನ ಕೂತದ್ದೇ ಹೆಚ್ಚು ಎಂದೂ ವಾದಿಸಬಹುದು. ಆದ್ದರಿಂದ ಈ ಪಟ್ಟಿ ಗಾದೆಯನ್ನು ಸುಳ್ಳಾಗಿಸುವುದಿಲ್ಲ. ಗಾದೆಯ ಗಟ್ಟಿ ದನಿಯನ್ನು ಸ್ವಲ್ಪ ತಗ್ಗಿಸುತ್ತದೆ, ಅಷ್ಟೆ.

ಈ ಲೆಕ್ಕ ಹಾಕಿದವರಲ್ಲಿ ನಾನು ಮೊದಲಿಗನೇನಲ್ಲ. ಅರಿಸ್ಟಾಟಲ್ ತನ್ನ 'ರಾಜನೀತಿ'ಯ ಎಂಟನೆಯ ಭಾಗದಲ್ಲಿ ಮಕ್ಕಳ ಶಿಕ್ಷಣದ ಮಾತು ಬಂದಾಗ ಒಲಿಂಪಿಕ್ ವಿಜೇತರ ಪಟ್ಟಿಯನ್ನು ತಿರುವಿ ಹಾಕುತ್ತಾನೆ. ಹುಡುಗರ ವಿಭಾಗದಲ್ಲೂ ಗೆದ್ದು, ದೊಡ್ಡವರಾದ ಮೇಲೂ ಗೆದ್ದವರು ಎರಡೋ ಮೂರೋ ಜನ ಮಾತ್ರ ಸಿಗುತ್ತಾರೆ ಎನ್ನುತ್ತಾನೆ. ಅವನು ಕೊಡುವ ಕಾರಣ ನೇರವಾದದ್ದು: ಎಳೆಯ ಮೈಗೆ ಬಲವಂತದ ಕಠಿಣ ಸಾಧನೆ ಮಾಡಿಸಿದರೆ ಇರುವ ಕಸುವೂ ಸೋರಿಹೋಗುತ್ತದೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಒಬ್ಬ ತತ್ತ್ವಜ್ಞಾನಿ ಕ್ರೀಡಾಪುಟ ಓದುವವನಂತೆ ಹೆಸರು ಎಣಿಸುತ್ತ ಕೂತದ್ದನ್ನು ನೆನೆದರೆ ನನಗೆ ಖುಷಿಯಾಗುತ್ತದೆ. ಆದರೆ ಗಮನಿಸಿ, ಅರಿಸ್ಟಾಟಲನ ತಕರಾರೂ ಮರದ ಪರವಾಗಿಯೇ ಇದೆ. ಮೊಳಕೆಗೆ ನೋವಾಗುತ್ತದೆ ಎಂದು ಅವನು ಹೇಳುತ್ತಿಲ್ಲ. ಹೀಗೆ ಮಾಡಿದರೆ ಮುಂದೆ ಒಳ್ಳೆಯ ಮರ ಸಿಗುವುದಿಲ್ಲ ಎನ್ನುತ್ತಿದ್ದಾನೆ.

ಒಲಿಂಪಿಯಾದಲ್ಲಿಯೇ ಹುಡುಗಿಯರದೇ ಒಂದು ಕ್ರೀಡೆ ಇತ್ತು. ಹೀರಾ ದೇವಿಯ ಹೆಸರಿನಲ್ಲಿ ನಡೆಯುತ್ತಿದ್ದ ಓಟ. ಅದನ್ನು ಬಣ್ಣಿಸಿದವನು ಪೌಸೇನಿಯಸ್ ಎಂಬ ಪ್ರವಾಸಿ. ಕೂದಲು ಬಿಚ್ಚಿಕೊಂಡು, ಮೊಣಕಾಲಿನ ಮೇಲಕ್ಕೆ ಬರುವ ಅಂಗಿ ತೊಟ್ಟು ಓಡುತ್ತಿದ್ದರಂತೆ. ಗಂಡಸರ ಓಟದ ದಾರಿಗಿಂತ ಆರನೆಯ ಒಂದು ಪಾಲು ಕಡಿಮೆ ದೂರ. ಮೂರು ವಯಸ್ಸಿನ ಗುಂಪುಗಳು. ಮೊದಲು ಎಲ್ಲರಿಗಿಂತ ಚಿಕ್ಕವರು, ಆಮೇಲೆ ನಡುವಿನವರು, ಕೊನೆಗೆ ದೊಡ್ಡ ಹುಡುಗಿಯರು. ಗೆದ್ದವರಿಗೆ ಆಲಿವ್ ಎಲೆಯ ಕಿರೀಟ ಮತ್ತು ದೇವಿಗೆ ಬಲಿಕೊಟ್ಟ ಹಸುವಿನಲ್ಲಿ ಒಂದು ಪಾಲು. ಈ ವರ್ಣನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿ ಇಲ್ಲದಿರುವ ಒಂದು ಸಂಗತಿ. ಚಿಕ್ಕವಳ ಕಿರೀಟ ದೊಡ್ಡವಳ ಕಿರೀಟಕ್ಕೆ ಮುನ್ಸೂಚನೆ ಎಂದು ಅವನು ಎಲ್ಲೂ ಹೇಳುವುದಿಲ್ಲ. ಹೇಳುವಂತೆಯೂ ಇರಲಿಲ್ಲ. ಆ ಹುಡುಗಿಯರಿಗೆ ಮುಂದೆ ಏರಬೇಕಾದ ಮೆಟ್ಟಿಲೇ ಇರಲಿಲ್ಲವಲ್ಲ, ಮದುವೆಯಾದ ಹೆಂಗಸು ಒಲಿಂಪಿಕ್ ನೋಡುವುದಕ್ಕೂ ನಿಷೇಧವಿತ್ತು. ಅದು ಅನ್ಯಾಯವೇ, ಅದನ್ನು ಚಂದಗಾಣಿಸುವ ಇರಾದೆ ನನಗಿಲ್ಲ. ಭವಿಷ್ಯವಿಲ್ಲದ ಕಡೆಯಲ್ಲಿ ಮಾತ್ರ ಮಗುವಿನ ಗೆಲುವು ಪೂರ್ತಿ ಗೆಲುವಾಗಲು ಸಾಧ್ಯವಾಯಿತೇ ಎಂಬ ಪ್ರಶ್ನೆ ಮಾತ್ರ ಕಾಡುತ್ತದೆ.

ಇಲ್ಲಿ ಕನ್ನಡದ ಒಂದು ಸಣ್ಣ ತೊಡಕನ್ನೂ ಹೇಳಬೇಕು. ಈ ಬರಹಕ್ಕೆ ಕೂತಾಗಿನಿಂದ ನನ್ನ ಕ್ರಿಯಾಪದಗಳು ಎಡವುತ್ತಿವೆ. 15 ವರ್ಷದ ಹುಡುಗಿ 'ಗೆದ್ದಳು' ಎಂದು ಬರೆಯಲೇ, 'ಗೆದ್ದರು' ಎಂದು ಬರೆಯಲೇ? ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಈ ಗೊಂದಲವಿಲ್ಲ. ಎಂಟನೆಯ ತರಗತಿಯ ಹುಡುಗಿಯಾದರೂ ರ‍್ಯಾಕೆಟ್ ಹಿಡಿದು ಗೆದ್ದರೆ 'ಜಯ ಸಾಧಿಸಿದರು' ಎಂದೇ ಅಚ್ಚಾಗುತ್ತದೆ. ಅದೇ ಹುಡುಗಿ ಸಂಜೆ ಮನೆಗೆ ಬಂದರೆ 'ಬಂದಳು'. ಬಹುವಚನ ಗೌರವ ನಿಜ. ಆದರೆ ಗೌರವದ ಜೊತೆಗೇ ದೊಡ್ಡವರ ಹೊರೆಯೂ ಬರುತ್ತದೆ. 'ಸೋತಳು' ಎನ್ನುವಲ್ಲಿ ತಲೆ ನೇವರಿಸುವ ಒಂದು ಕೈಯಿದೆ, 'ಸೋತರು' ಎನ್ನುವಲ್ಲಿ ಅದು ಇಲ್ಲ. ಈ ಲೇಖನದಲ್ಲಿ ನಾನು ಹುಡುಗಿಯಾಗಿದ್ದಾಗ ಏಕವಚನ, ದೊಡ್ಡವರಾದ ಮೇಲೆ ಬಹುವಚನ ಬಳಸುತ್ತೇನೆ. ಎಲ್ಲಿ ಗೆರೆ ಎಳೆಯುವುದು ಎಂಬುದು ನನಗೂ ಸ್ಪಷ್ಟವಿಲ್ಲ, ಓದುವವರು ಸಹಿಸಿಕೊಳ್ಳಬೇಕು.

ಯೆಲೆನಾ ಡೊಕಿಕ್ 1998ರಲ್ಲಿ ಅಮೆರಿಕನ್ ಓಪನ್ನಿನ ಹುಡುಗಿಯರ ಸಿಂಗಲ್ಸ್ ಗೆದ್ದಳು. ಯುದ್ಧದ ಕಾಲದಲ್ಲಿ ಯುಗೊಸ್ಲಾವಿಯಾ ಬಿಟ್ಟು ಆಸ್ಟ್ರೇಲಿಯಾಕ್ಕೆ ಬಂದ ಕುಟುಂಬದ ಹುಡುಗಿ. ಮರುವರ್ಷ ವಿಂಬಲ್ಡನ್ನಿನಲ್ಲಿ, ಅರ್ಹತಾ ಸುತ್ತು ಆಡಿ ಒಳಗೆ ಬಂದ 16 ವರ್ಷದ ಅವಳು ಮೊದಲ ಸುತ್ತಿನಲ್ಲೇ ಜಗತ್ತಿನ ಒಂದನೆಯ ಆಟಗಾರ್ತಿ ಹಿಂಗಿಸ್‌ಳನ್ನು 6-2, 6-0ಯಿಂದ ಹೊರಗಟ್ಟಿದಳು. ಮೊಳಕೆಯಲ್ಲಿ ಸಿರಿ ಕಾಣುತ್ತದೆ ಎನ್ನುವವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. 2017ರಲ್ಲಿ ಡೊಕಿಕ್ ತಮ್ಮ ಆತ್ಮಕಥೆ ಬರೆದರು. ಟೆನಿಸ್ ಶುರುಮಾಡಿದ ಎಳೆಯ ವಯಸ್ಸಿನಿಂದಲೇ ತಂದೆ ಹೊಡೆಯುತ್ತಿದ್ದುದನ್ನು, ಬೆಲ್ಟಿನ ಏಟುಗಳನ್ನು, ಬಾಯಿಗೆ ಬಂದ ಬೈಗುಳಗಳನ್ನು ಅದರಲ್ಲಿ ಬಿಡಿಸಿಟ್ಟಿದ್ದಾರೆ. 2000ದಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿ ಸೋತ ದಿನ ತಂದೆ ಹೋಟೆಲಿಗೆ ಬರಬೇಡ ಎಂದರಂತೆ. 17 ವರ್ಷದ ಹುಡುಗಿ ಆ ರಾತ್ರಿ ಆಟಗಾರರ ಕೋಣೆಯ ಸೋಫಾದ ಮೇಲೆ ಮಲಗಿದ್ದಳು, ಕಸ ಗುಡಿಸಲು ಬಂದವರು ನೋಡಿದರು.

ಈ ಭಾಗವನ್ನು ಓದಿದ ಮೇಲೆ ಹಳೆಯ ಟ್ರೋಫಿಯ ಫೋಟೋಗಳನ್ನು ಮೊದಲಿನಂತೆ ನೋಡಲಾಗುವುದಿಲ್ಲ. ಎಲ್ಲ ಹುಡುಗಿಯರ ಹಿಂದೆಯೂ ಇಂಥ ತಂದೆಯಿದ್ದಾನೆ ಎಂದಲ್ಲ, ಹಾಗೆಂದರೆ ಅದು ಇನ್ನೊಂದು ಸುಳ್ಳು. ಆದರೆ ಯೋಚಿಸಿ: ಅಷ್ಟು ಜನ ಕೋಚುಗಳು, ಅಧಿಕಾರಿಗಳು, ವರದಿಗಾರರು ಅವಳ ಸುತ್ತ ಇದ್ದರು. ತಂದೆ ಅಂಗಳದ ಬದಿಯಲ್ಲಿ ಮಾಡುತ್ತಿದ್ದ ರಂಪ ಎಲ್ಲರೂ ಕಂಡದ್ದೇ, ಪತ್ರಿಕೆಗಳಿಗೆ ಅದು ತಮಾಷೆಯ ಸುದ್ದಿಯೂ ಆಗಿತ್ತು. ಆದರೂ ಎಲ್ಲರ ಕಣ್ಣು ಅವಳ ಮುಂದಿನ ಪಂದ್ಯದ ಮೇಲೆ, ಮುಂದಿನ ವರ್ಷದ ಮೇಲೆ ನೆಟ್ಟಿತ್ತು. ಯಾರನ್ನಾದರೂ 'ಭವಿಷ್ಯ' ಎಂದು ಕರೆಯುವುದರಲ್ಲಿ ಇರುವ ಅಪಾಯ ಇದು. ಈಗ, ಇಲ್ಲಿ, ಅವರ ತೋಳಿನ ಮೇಲೆ ಇರುವ ಬಾಸುಂಡೆ ಕಾಣುವುದಿಲ್ಲ. ಗಿಡವಾಗಿ ಬಗ್ಗದ್ದು ಎಂಬ ಗಾದೆ ಹೇಳುವವರು ಗಿಡ ಬಗ್ಗಿದಾಗ ಬರುವ ಸದ್ದನ್ನು ಕೇಳಿಸಿಕೊಂಡಿರಲಾರರು.

ಕ್ರೂರಿಯನ್ನು ಖಂಡಿಸುವುದು ಸುಲಭ, ಅದಕ್ಕೆ ತತ್ತ್ವಶಾಸ್ತ್ರ ಬೇಡ. ಕಷ್ಟದ ಪ್ರಶ್ನೆ ಬರುವುದು ಒಳ್ಳೆಯ ಮನಸ್ಸಿನಿಂದ ಮಾಡಿದ್ದರಲ್ಲಿ. 2012ರಲ್ಲಿ ಟೇಲರ್ ಟೌನ್‌ಸೆಂಡ್ ಜಗತ್ತಿನ ಜೂನಿಯರ್ ಹುಡುಗಿಯರಲ್ಲಿ ಒಂದನೆಯವಳು. ಆ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ನಿನ ಹುಡುಗಿಯರ ಸಿಂಗಲ್ಸ್, ಡಬಲ್ಸ್ ಎರಡನ್ನೂ ಗೆದ್ದಿದ್ದಳು. 16 ವರ್ಷ. ಆಗಸ್ಟ್ ಹೊತ್ತಿಗೆ, ತನ್ನದೇ ದೇಶದ ಅಮೆರಿಕನ್ ಓಪನ್ ಹತ್ತಿರ ಬಂದಾಗ, ಅಮೆರಿಕದ ಟೆನಿಸ್ ಸಂಸ್ಥೆ ಅವಳಿಗೆ ಜೂನಿಯರ್ ಪಂದ್ಯಗಳಿಂದ ದೂರ ಇರಲು ಸೂಚಿಸಿತು. ಮೈ ಹದಕ್ಕೆ ಬರುವವರೆಗೂ ಟೂರ್ನಿಗಳ ಖರ್ಚು ಕೊಡುವುದಿಲ್ಲ ಎಂದಿತು. ಸುದ್ದಿ ಹೊರಬಿದ್ದು ಗದ್ದಲವಾದಾಗ ಸಂಸ್ಥೆಯ ಪರವಾಗಿ ಬಂದ ಸಮಜಾಯಿಷಿಯ ಸಾರ ಇಷ್ಟು: ನಮಗೆ ಮುಖ್ಯವಾದದ್ದು ಅವಳ ದೀರ್ಘಕಾಲದ ಆರೋಗ್ಯ, ಆಟಗಾರ್ತಿಯಾಗಿ ಅವಳ ದೀರ್ಘಕಾಲದ ಬೆಳವಣಿಗೆ. ತಾಯಿ ಕೈಯಿಂದ ಹಣ ಹಾಕಿ ಮಗಳನ್ನು ಆಡಿಸಿದರು. ಆ ಖರ್ಚನ್ನು ಭರಿಸಲು ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಹುಡುಗಿ ಸಿಂಗಲ್ಸ್‌ನಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಹೋದಳು, ಡಬಲ್ಸ್ ಗೆದ್ದಳು.

ಇಲ್ಲಿ ಯಾರೂ ರಾಕ್ಷಸರಲ್ಲ. ಆ ಅಧಿಕಾರಿಗಳು ಬೇರೆಯವರ ಮುಂದೆ ಇದನ್ನು ಸಮರ್ಥಿಸಿಕೊಳ್ಳುವಾಗ ಮನಸ್ಸಿನಲ್ಲಿ ಸುಳ್ಳಿರಲಿಲ್ಲ ಎಂದೇ ನಂಬುತ್ತೇನೆ. ಬೆಳೆಯುವ ಮೈಯಲ್ಲಿ ಗಾಯಗಳಾಗದಂತೆ ನೋಡಿಕೊಳ್ಳುವುದು ತಪ್ಪೇ? ಅಲ್ಲ. ಆದರೂ ಏನೋ ಕೆಟ್ಟದ್ದು ನಡೆದುಹೋಯಿತು. ಏನದು ಎಂದು ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವಳು ಗೆಲ್ಲುತ್ತಿದ್ದಳು, ಇದೇ ಮೈಯಿಂದ, ಇದೇ ತೂಕದಿಂದ ಜಗತ್ತಿನ ಎಲ್ಲ ಹುಡುಗಿಯರನ್ನೂ ಸೋಲಿಸುತ್ತಿದ್ದಳು. ಅವಳಿಗೆ ಸಿಕ್ಕ ಉತ್ತರವೆಂದರೆ: ಈ ಗೆಲುವುಗಳು ಲೆಕ್ಕಕ್ಕಿಲ್ಲ, ನೀನು ಮುಂದೆ ಆಗಬೇಕಾದವಳಿಗೆ ನೀನು ಈಗ ಅಡ್ಡ ಬರುತ್ತಿದ್ದೀಯ. ಇನ್ನೂ ಹುಟ್ಟದ ಒಬ್ಬ ಇಪ್ಪತ್ತೈದರ ಆಟಗಾರ್ತಿಗಾಗಿ ಕಣ್ಣ ಮುಂದಿನ ಹದಿನಾರರ ಹುಡುಗಿಯನ್ನು ಬದಿಗೆ ಸರಿಸಿದರು. ಅದೂ ಅವಳದೇ ಹೆಸರಿನಲ್ಲಿ. ಟೌನ್‌ಸೆಂಡ್ ಆಮೇಲೆ ತಾಯಿಯಾದರು, ಮತ್ತೆ ಅಂಗಳಕ್ಕೆ ಬಂದರು, 2024ರಲ್ಲಿ ಕಟೆರಿನಾ ಸಿನಿಯಾಕೋವಾ ಜೊತೆ ವಿಂಬಲ್ಡನ್ ಡಬಲ್ಸ್ ಗೆದ್ದರು. ಇದನ್ನು ಹೇಳಿ 'ನೋಡಿ, ಕೊನೆಗೆ ಅವರೇ ಸರಿ ಎಂದು ತೋರಿಸಿಬಿಟ್ಟರು' ಎನ್ನುವ ಆಸೆ ನನಗೂ ಆಗುತ್ತದೆ. ಆದರೆ ಹಾಗೆಂದರೆ ನಾನೂ ಅದೇ ಅಧಿಕಾರಿಗಳ ಸಾಲಿನಲ್ಲಿ ಕೂತಂತೆ. ಅವರು ಮುಂದೇನನ್ನೂ ಗೆಲ್ಲದಿದ್ದರೂ 2012ರಲ್ಲಿ ಆದದ್ದು ತಪ್ಪೇ ಆಗಿರುತ್ತಿತ್ತು.

ಇದಕ್ಕೂ ಮೊದಲು ಇನ್ನೊಂದು ದೊಡ್ಡ ಪಾಠ ಆಗಿಹೋಗಿತ್ತು. ಜೆನಿಫರ್ ಕ್ಯಾಪ್ರಿಯಾಟಿ 1989ರಲ್ಲಿ 13 ವರ್ಷಕ್ಕೆ ಫ್ರೆಂಚ್ ಮತ್ತು ಅಮೆರಿಕನ್ ಓಪನ್ ಹುಡುಗಿಯರ ಪ್ರಶಸ್ತಿ ಗೆದ್ದು, ಇನ್ನೂ 14 ತುಂಬುವ ಮೊದಲೇ ವೃತ್ತಿಪರ ಆಟಕ್ಕೆ ಇಳಿದಳು. 16ಕ್ಕೆ ಒಲಿಂಪಿಕ್ ಚಿನ್ನ. 17ಕ್ಕೆ ಆಟ ಬಿಟ್ಟು, 18ಕ್ಕೆ ಪೊಲೀಸ್ ಪ್ರಕರಣ. ಆ ಹೊತ್ತಿಗೆ ಬಂದ ಗಾಬರಿಯಲ್ಲಿಯೇ ವೃತ್ತಿಪರ ಮಹಿಳಾ ಟೆನಿಸ್ ವಯಸ್ಸಿನ ನಿಯಮ ಮಾಡಿತು: 14ಕ್ಕೆ ಮೊದಲು ಆಡುವಂತಿಲ್ಲ, 18ರವರೆಗೆ ಟೂರ್ನಿಗಳ ಸಂಖ್ಯೆಗೆ ಮಿತಿ. ಒಳ್ಳೆಯ ನಿಯಮವೇ. ಆದರೆ ನಿಯಮ ಎಣಿಸುವುದು ಟೂರ್ನಿಗಳನ್ನು. ಬೆಳಿಗ್ಗೆ ಐದಕ್ಕೆ ಎದ್ದು ಅಭ್ಯಾಸಕ್ಕೆ ಹೋದ ದಿನಗಳನ್ನಾಗಲಿ, ಊಟದ ಮೇಜಿನ ಮೇಲೆ ಬರೀ ಆಟದ ಮಾತೇ ಆದ ರಾತ್ರಿಗಳನ್ನಾಗಲಿ ಎಣಿಸುವ ನಿಯಮ ಎಲ್ಲಿದೆ?

ಅಮೆರಿಕದ ತತ್ತ್ವಜ್ಞಾನಿ ಜೋಯೆಲ್ ಫೈನ್‌ಬರ್ಗ್ 1980ರಲ್ಲಿ ಒಂದು ಪ್ರಬಂಧ ಬರೆದ. ಮಗುವಿಗೆ 'ತೆರೆದ ಭವಿಷ್ಯ'ದ ಹಕ್ಕಿದೆ ಎಂಬುದು ಅದರ ವಾದ. ಮಗು ಈಗ ಬಳಸಲಾಗದ, ಮುಂದೆ ದೊಡ್ಡದಾದ ಮೇಲೆ ಬಳಸಬೇಕಾದ ಆಯ್ಕೆಗಳಿವೆ. ಅವನ್ನು ಈಗಲೇ ಯಾರೂ ಮುಚ್ಚಬಾರದು, ಅವು ಠೇವಣಿಯಿಟ್ಟ ಹಕ್ಕುಗಳು. ಕೇಳಿದರೆ ತಲೆದೂಗಬೇಕೆನಿಸುತ್ತದೆ. ಆದರೆ ಟೆನಿಸ್ ಅಂಗಳದಲ್ಲಿ ನಿಂತರೆ ಈ ವಾದ ಎರಡೂ ಕಡೆ ಕೊಯ್ಯುತ್ತದೆ. ಐದಾರು ವರ್ಷಕ್ಕೆ ರ‍್ಯಾಕೆಟ್ ಹಿಡಿಯದವಳಿಗೆ ಇಪ್ಪತ್ತಕ್ಕೆ ವಿಂಬಲ್ಡನ್ ಆಡುವ ಬಾಗಿಲು ತೆರೆದಿರುವುದಿಲ್ಲ. ಹಿಡಿಸಿದರೆ ಬೇರೆ ಹತ್ತು ಬಾಗಿಲು ಮುಚ್ಚುತ್ತವೆ, ಹಿಡಿಸದಿದ್ದರೆ ಇದೊಂದು ಮುಚ್ಚುತ್ತದೆ. ಸಂಗೀತವೂ ಹೀಗೆಯೇ, ನೃತ್ಯವೂ ಹೀಗೆಯೇ. ಎಲ್ಲ ಬಾಗಿಲನ್ನೂ ತೆರೆದಿಟ್ಟುಕೊಂಡ ಮನೆಯಲ್ಲಿ ಗಾಳಿ ಓಡಾಡುತ್ತದೆ ನಿಜ, ಯಾವ ಕೋಣೆಯಲ್ಲೂ ಯಾರೂ ಇರುವುದಿಲ್ಲ. ಇನ್ನು ಮಗುವಿಗೇ ಆಸೆಯಿದೆಯಲ್ಲ ಎನ್ನುತ್ತೇವೆ. ಆ ಆಸೆ ಎಲ್ಲಿಂದ ಬಂತು? ಅಪ್ಪನ ಕಣ್ಣಿನ ಹೊಳಪನ್ನು ನೋಡಿಯೇ ಅಲ್ಲವೇ? ಹಾಗೆಂದು ಅದು ಮಗುವಿನ ಆಸೆಯಲ್ಲ ಎನ್ನಲೂ ಬಾರದು. ನಮ್ಮೆಲ್ಲರ ಆಸೆಗಳೂ ಯಾರದೋ ಕಣ್ಣಿನಿಂದಲೇ ಹತ್ತಿಕೊಂಡವು. ನನಗೆ ಪುಸ್ತಕದ ಹುಚ್ಚು ಹಿಡಿಸಿದ್ದು ನಮ್ಮ ಸೋದರಮಾವ. ಅದು ನನ್ನದಲ್ಲ ಎಂದು ಯಾರಾದರೂ ಹೇಳಿದರೆ ಸಿಟ್ಟು ಬರುತ್ತದೆ.

ಫೈನ್‌ಬರ್ಗ್ ವಾದದಲ್ಲಿ ನನಗೆ ಇನ್ನೂ ಒಂದು ಅತೃಪ್ತಿಯಿದೆ. ಅವನೂ ಮಗುವಿನ ಹಕ್ಕನ್ನು ಭವಿಷ್ಯದ ಹೆಸರಿನಲ್ಲೇ ಕೊಡುತ್ತಾನೆ. ಈ ಹೊತ್ತಿನ ಮಗುವಿಗೆ ಈ ಹೊತ್ತಿನದೇ ಆದ ಹಕ್ಕು ಏನು?

ಕೆಲವು ವರ್ಷಗಳ ಹಿಂದೆ ಶಾಲೆಯೊಂದರ ಹಾಡಿನ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಎಲ್ಲರೂ ಮೈಮರೆಯುವಂತೆ ಹಾಡಿದಳು. ಕಾರ್ಯಕ್ರಮ ಮುಗಿದ ಮೇಲೆ ಕರೆದು, ದೊಡ್ಡವರು ಹೇಳುವ ಗತ್ತಿನಲ್ಲೇ, ನಿನಗೆ ಒಳ್ಳೆ ಭವಿಷ್ಯವಿದೆ ಕಣಮ್ಮ, ಬಿಡಬೇಡ ಎಂದೆ. ಹುಡುಗಿ ತಲೆಯಾಡಿಸಿದಳು. ಹೋಗದೆ ಅಲ್ಲೇ ನಿಂತಳು. ಆಮೇಲೆ, "ಹಾಡು ಹೆಂಗಿತ್ತು ಸಾರ್?" ಎಂದು ಕೇಳಿದಳು. ನಾನು ಹೇಳಿದ್ದು ಅದನ್ನೇ ಅಲ್ಲವೇ ಎಂದುಕೊಂಡೆ. ಮನೆಗೆ ಬಂದ ಮೇಲೆ ಗೊತ್ತಾಯಿತು, ಅದನ್ನು ನಾನು ಹೇಳಿಯೇ ಇರಲಿಲ್ಲ.

ಆಶ್ಲೀ ಬಾರ್ಟಿಯ ಕಥೆ ಟೆನಿಸ್ ನೋಡುವವರಿಗೆ ಗೊತ್ತಿರುವುದೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಹುಡುಗಿ, 2011ರಲ್ಲಿ 15 ವರ್ಷಕ್ಕೆ ವಿಂಬಲ್ಡನ್ ಹುಡುಗಿಯರ ಸಿಂಗಲ್ಸ್ ಗೆದ್ದಳು. ಫೈನಲ್‌ನಲ್ಲಿ ಎದುರಾಳಿ ರಷ್ಯಾದ ಇರಿನಾ ಕ್ರೊಮಚೋವಾ, ಅಂಕ 7-5, 7-6. 2013ರಲ್ಲಿ ಕೇಸಿ ಡೆಲಾಕ್ವಾ ಜೊತೆ ಮೂರು ಗ್ರ್ಯಾಂಡ್‌ಸ್ಲಾಮ್ ಡಬಲ್ಸ್ ಫೈನಲ್ ಆಡಿದಳು. 2014ರ ಅಮೆರಿಕನ್ ಓಪನ್ ಆದ ಮೇಲೆ, 18ರ ವಯಸ್ಸಿನಲ್ಲಿ, ಆಟ ಬಿಟ್ಟಳು. ಎಲ್ಲ ಹುಡುಗಿಯರ ಹಾಗೆ ಸ್ವಲ್ಪ ದಿನ ಬದುಕಬೇಕು ಎಂಬುದೇ ಕಾರಣ. ಅಷ್ಟು ದಿನ ಊರೂರು ಅಲೆದವಳು ಮನೆಯಲ್ಲಿದ್ದಳು, ಮೀನು ಹಿಡಿದಳು. ಆಮೇಲೆ ಯಾರೂ ಊಹಿಸದಂತೆ ಕ್ರಿಕೆಟ್ ಬ್ಯಾಟ್ ಹಿಡಿದು ಬ್ರಿಸ್ಬೇನ್ ಹೀಟ್ ತಂಡದಲ್ಲಿ ಮಹಿಳಾ ಬಿಗ್ ಬ್ಯಾಷ್ ಲೀಗಿನ ಮೊದಲ ಋತುವನ್ನು ಆಡಿದಳು. 2016ರಲ್ಲಿ ಟೆನಿಸ್‌ಗೆ ಹಿಂತಿರುಗಿದರು (ಇಲ್ಲಿ ನನ್ನ ಕೈ ತಾನಾಗಿಯೇ ಬಹುವಚನಕ್ಕೆ ಹೊರಳಿತು, ಬಿಟ್ಟುಹೋಗುವುದು ಮತ್ತು ತಾವಾಗಿಯೇ ಹಿಂತಿರುಗುವುದು ದೊಡ್ಡವರ ಲಕ್ಷಣ ಎಂದು ಅದಕ್ಕೆ ಅನ್ನಿಸಿರಬೇಕು). 2019ರಲ್ಲಿ ಫ್ರೆಂಚ್ ಓಪನ್. 2021ರಲ್ಲಿ, ಹುಡುಗಿಯಾಗಿ ಗೆದ್ದು ಸರಿಯಾಗಿ ಹತ್ತು ವರ್ಷಕ್ಕೆ, ವಿಂಬಲ್ಡನ್. 2022ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್, 44 ವರ್ಷಗಳ ನಂತರ ಆ ದೇಶದವರೊಬ್ಬರು ಸಿಂಗಲ್ಸ್ ಗೆದ್ದದ್ದು. ಎರಡು ತಿಂಗಳು ಕಳೆಯುವುದರೊಳಗೆ, ಜಗತ್ತಿನ ಒಂದನೆಯ ಸ್ಥಾನದಲ್ಲಿರುವಾಗಲೇ, 25ನೆಯ ವಯಸ್ಸಿಗೆ ನಿವೃತ್ತಿ.

ಆ ನಿವೃತ್ತಿಯ ಸುದ್ದಿ ಬಂದ ದಿನ ನನ್ನ ಗೆಳೆಯನೊಬ್ಬ ಫೋನ್ ಮಾಡಿ ಬೇಜಾರು ತೋಡಿಕೊಂಡ. ಇನ್ನೂ ಹತ್ತು ಗೆಲ್ಲಬಹುದಿತ್ತು, ದೇವರು ಕೊಟ್ಟದ್ದನ್ನು ಹೀಗೆ ಬಿಸಾಡಬಾರದು ಎಂದ. ಹುಟ್ಟುವಾಗಲೇ ಋಣ ಹೊತ್ತು ಬರುತ್ತೇವೆ ಎಂದು ನಂಬಿದ ನಾಡು ನಮ್ಮದು. ದೇವಋಣ, ಋಷಿಋಣ, ಪಿತೃಋಣ. ಅವುಗಳ ಪಕ್ಕಕ್ಕೆ ಪ್ರತಿಭೆಯ ಋಣ ಎಂಬ ನಾಲ್ಕನೆಯದನ್ನು ಸೇರಿಸುವುದು ನಮಗೆ ಕಷ್ಟವಲ್ಲ. ಪಶ್ಚಿಮದಲ್ಲಿ ಕಾಂಟ್ ಕೂಡ 1785ರ ತನ್ನ ನೀತಿಗ್ರಂಥದಲ್ಲಿ, ತನಗಿರುವ ಶಕ್ತಿಯನ್ನು ತುಕ್ಕುಹಿಡಿಸಿ ಸುಖವಾಗಿರುವವನನ್ನು ಒಪ್ಪುವುದಿಲ್ಲ. ಶಕ್ತಿಯನ್ನು ಬೆಳೆಸಿಕೊಳ್ಳುವುದು ಕರ್ತವ್ಯ ಎನ್ನುತ್ತಾನೆ. ಆದರೆ ಯಾವುದನ್ನು, ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಆ ಮನುಷ್ಯನಿಗೇ ಬಿಡುವ ಸಡಿಲವಾದ ಕರ್ತವ್ಯ ಅದು. ಅದೇ ಪುಸ್ತಕದಲ್ಲಿಯೇ, ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂಬ ಅವನ ಹೆಸರಾಂತ ಮಾತೂ ಇದೆ. ನನ್ನ ಗೆಳೆಯನಿಗೆ ಬಾರ್ಟಿಯಿಂದ ಬೇಕಾಗಿದ್ದದ್ದು ಹತ್ತು ವರ್ಷದ ಸಂಜೆಗಳ ಸಂತೋಷ. ನನಗೂ ಅದು ಬೇಕಿತ್ತು. ಅದನ್ನು ಋಣ ಎಂದು ಕರೆದದ್ದು ಮಾತ್ರ ಅತಿಯಾಯಿತು. ಸಾಲ ತೆಗೆದುಕೊಂಡವರು ಯಾರು? ಹದಿನೈದರ ಹುಡುಗಿ ಒಂದು ಪಂದ್ಯ ಗೆದ್ದಳು. ಅದನ್ನು ಕರಾರುಪತ್ರ ಎಂದು ಓದಿಕೊಂಡವರು ನಾವು.

ಒಂದು ಆಕ್ಷೇಪ ನನಗೇ ಹೊಳೆಯುತ್ತಿದೆ. ಬಾರ್ಟಿಯನ್ನು ಇಷ್ಟು ಹೊಗಳಲು ಸಾಧ್ಯವಾದದ್ದು ಅವರು ಹಿಂತಿರುಗಿ ಗೆದ್ದದ್ದರಿಂದ ಅಲ್ಲವೇ? 2014ರಲ್ಲಿ ಬಿಟ್ಟುಹೋದವಳು ಮತ್ತೆ ಬರದೇ ಇದ್ದಿದ್ದರೆ ಈ ಲೇಖನದಲ್ಲಿ ಅವಳಿಗೆ ಜಾಗ ಸಿಗುತ್ತಿತ್ತೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಸಿಗುತ್ತಿರಲಿಲ್ಲ. ಮರವಾದ ಮೊಳಕೆಯನ್ನು ತೋರಿಸಿ ಮೊಳಕೆಯ ಪರ ವಾದಿಸುವುದು ಸುಲಭದ ದಾರಿ, ನಾನೂ ಅದನ್ನೇ ಹಿಡಿದೆ. ಹಾಗಾಗಿ ಇನ್ನೊಂದು ಪಂದ್ಯದ ಬಗ್ಗೆ ಹೇಳುತ್ತೇನೆ.

2002ರ ವಿಂಬಲ್ಡನ್, ಹುಡುಗಿಯರ ಫೈನಲ್. ಎರಡೂ ಕಡೆ ರಷ್ಯಾದ 15 ವರ್ಷದ ಹುಡುಗಿಯರು. ಒಬ್ಬಳ ಹೆಸರು ಮರಿಯಾ ಶರಪೋವಾ. ಎರಡೇ ವರ್ಷಕ್ಕೆ ಅವಳು ಇದೇ ವಿಂಬಲ್ಡನ್ನಿನ ಹೆಂಗಸರ ಪ್ರಶಸ್ತಿ ಗೆದ್ದು ಜಗತ್ತಿನ ಮನೆಮಾತಾದಳು. ಇನ್ನೊಬ್ಬಳು ವೆರಾ ದುಷೆವಿನಾ. ಮುಂದೆ ಹಲವು ವರ್ಷ ಆಡಿದರು, ಗಟ್ಟಿ ಆಟಗಾರ್ತಿ, ಸಿಂಗಲ್ಸ್‌ನಲ್ಲಿ ವೃತ್ತಿಪರ ಪ್ರಶಸ್ತಿ ಎಂದು ಸಿಕ್ಕಿದ್ದು ಒಂದು, 2009ರಲ್ಲಿ ಇಸ್ತಾಂಬುಲ್‌ನಲ್ಲಿ. ಎಲ್ಲಾದರೂ ಅವರ ಹೆಸರು ಬಂದರೆ ಶರಪೋವಾರನ್ನು ಒಮ್ಮೆ ಸೋಲಿಸಿದವರು ಎಂಬ ಬಾಲದೊಂದಿಗೇ ಬರುತ್ತದೆ. ಆದರೆ ಆ ಮಧ್ಯಾಹ್ನ ಅಂಗಳದಲ್ಲಿದ್ದವರಿಗೆ ಇದಾವುದೂ ಗೊತ್ತಿರಲಿಲ್ಲ. ಶರಪೋವಾ ಎಂಬ ಹೆಸರಿಗೆ ಆಗ ಇನ್ನೂ ಆ ತೂಕ ಬಂದಿರಲಿಲ್ಲ, ದುಷೆವಿನಾ ಯಾರ ಕಥೆಯ ಅಡಿಟಿಪ್ಪಣಿಯೂ ಆಗಿರಲಿಲ್ಲ. ಮೊದಲ ಸೆಟ್ಟನ್ನು ದುಷೆವಿನಾ 4-6ರಲ್ಲಿ ಸೋತಳು. ಆಮೇಲಿನ ಎರಡನ್ನು 6-1, 6-2ರಲ್ಲಿ ಗೆದ್ದಳು.